ಇಪ್ಪತ್ತು ಡಿಗ್ರಿ

ಡೆವಲಪರಿಗೆ ಬೇಕು ಇಪ್ಪತ್ತು ಡಿಗ್ರಿ.
ಮೇ ತಿಂಗಳಲ್ಲಿ ನಮ್ಮ ನಲ್ಲಿಯ ನೀರು
ಸಂಜೆ ಏಳಕ್ಕೂ ಕೈ ಚುರ್ ಅನ್ನಿಸುತ್ತದೆ.
ಇಪ್ಪತ್ತು ಅಂದರೆ ರಾಯಚೂರಿಗೆ ಪರದೇಶ.
ಅಲ್ಲಿಗೆ ನನ್ನ ಟಿಕೀಟು
ಬಂದೇನವಾಜನ ಸೋಡಾ ಬಂಡಿಯ
ಹತ್ತು ರೂಪಾಯಿ ಬರ್ಫು.
"ಶರಬತ್ತಿಗೇನ್ರಿ?" ಅಂತಾನೆ.
ಹೂಂ ಅಂತೀನಿ.

ಆಸ್ಪತ್ರೆಯ ಎಕ್ಸ್‌ರೇ ಕತ್ತಲಕೋಣೆಯಲ್ಲಿ
ಹತ್ತೊಂಬತ್ತು ವರ್ಷ ಮಂದಿಯ ಎಲುಬು ತೊಳೆದವನು ನಾನು.
ಬೈಕಿನಿಂದ ಬಿದ್ದವರ ಮೊಣಕೈ,
ಹತ್ತಿ ಜಿನ್ನಿನವರ ಎದೆಗೂಡು,
ಒಮ್ಮೆ ಒಂದು ಕೂಸು,
ಹೊಟ್ಟೆಯಲ್ಲಿ ಹುಣ್ಣಿಮೆಯ ಹಾಗೆ ಎರಡು ರೂಪಾಯಿ.
ಮುಖ ಮಾತ್ರ ನನ್ನ ಕೈಗೆ ಬರುತ್ತಿರಲಿಲ್ಲ.
ಆಮೇಲೆ ಕಂಪ್ಯೂಟರ್ ಬಂತು.
ಕೋಣೆಗೆ ಕಿಟಕಿ ಕೊರೆದರು.
ಟ್ರೇ, ಗಡಿಯಾರ, ಥರ್ಮಾಮೀಟರು
ಗುಜರಿಗೆ ಹೋಗುವ ಮೊದಲು ಕೇಳಿ ತಂದೆ.
ಹೈಪೋ ವಾಸನೆ ಕೇಳದೆಯೇ ಬಂತು,
ಬೆರಳಲ್ಲಿತ್ತು.

ಸೂಗಪ್ಪ ಸ್ಟುಡಿಯೊ ಮುಚ್ಚಿದ ದಿನ ಕೊಂಡ ಕ್ಯಾಮೆರಾ.
ಮೀಟರು ಸತ್ತಿದೆ, ಕಣ್ಣಂದಾಜು ಸಾಕು,
ಇಲ್ಲಿಯ ಬಿಸಿಲು ಸುಳ್ಳು ಹೇಳುವುದಿಲ್ಲ.
ರೋಲಿಗೆ ಮೂವತ್ತಾರೇ ಸಲ.
ತಿಂಗಳ ಕೊನೆಯ ಎಣ್ಣೆಯ ಹಾಗೆ ಬಳಸುತ್ತೇನೆ.

ನೆಗೆಟಿವಿನಲ್ಲಿ ನೋಡಬೇಕು ನಮ್ಮ ಸೀಮೆಯನ್ನು:
ಎರೆಮಣ್ಣು ಗಾಜಿನಷ್ಟು ತಿಳಿ,
ಒಡೆದ ಹತ್ತಿ ಇದ್ದಿಲು,
ನಡುಹಗಲಿನ ಆಕಾಶ ಕಾರಿರುಳು.
ಅತ್ತ ಶಕ್ತಿನಗರದಲ್ಲಿ ಊರೂರಿಗೆ ಕರೆಂಟು ಬೇಯಿಸುತ್ತಾರೆ,
ನಮಗೆ ತಪ್ಪದೆ ಬರುವುದು ಬೂದಿ,
ಒಣಗಲು ಹಾಕಿದ ಫಿಲ್ಮಿನ ಮೇಲೂ.

ಬಚ್ಚಲ ಗವಾಕ್ಷಿಗೆ ಕಂಬಳಿ ಬಡಿದಿದ್ದೇನೆ.
ಆದರೂ ತೀನ್ ಕಂದೀಲಿನ ಬೀದಿದೀಪ
ಒಂದು ಎಳೆ ನುಸುಳುತ್ತದೆ.
ಅದಕ್ಕೇ ಕಾಯುತ್ತೇನೆ, ಕರೆಂಟ್ ಹೋಗಲಿ ಎಂದು.
ಓಣಿಯಲ್ಲಿ ಇಂಥ ಹರಕೆ ಹೊತ್ತವನು ನಾನೊಬ್ಬನೇ,
ಹೊರಗೆ ಹೇಳುವಂತಿಲ್ಲ.

ಮೊನ್ನೆ ಎಂಟೂವರೆಗೆ ಹೋಯಿತು.
ಹೆಸರಿಗೆ ಮೂರು ಕಂದೀಲು, ಉರಿಯುವುದು ಒಂದೂ ಇಲ್ಲ.
ಚಿಲಕ ಹಾಕಿದೆ.
ಸೋಡಾ ಓಪನರಿನಿಂದ ರೋಲಿನ ಮುಚ್ಚಳ ಎಬ್ಬಿಸಿದೆ.
ಕಣ್ಣು ಮುಚ್ಚಿದೆ. ಆ ಕತ್ತಲಲ್ಲಿ ತೆರೆದರೂ ಅಷ್ಟೇ,
ಆದರೂ ಮುಚ್ಚುತ್ತೇನೆ,
ಬೆರಳಿಗೆ ಸರಿಯಾಗಿ ಕೇಳಲಿ ಎಂದು.
ರೀಲಿನ ಹಲ್ಲಿಗೆ ಅಂಚು ಸಿಕ್ಕಿತು, ಟಿಕ್, ಟಿಕ್,
ಮೂಗಿನ ತುದಿಯಲ್ಲೊಂದು ಹನಿ ಬೆವರು
ಬೀಳಲೋ ಬೇಡವೋ ಅಂತಿತ್ತು.
ಹೊರಗೆ ಬೀಸಣಿಗೆ, ಯಾರದೋ ಕೂಸಿನ ಅಳು,
"ಜೆಸ್ಕಾಂಗೆ ಫೋನ್ ಹಚ್ಚೋ."
ಅರ್ಧ ಸುತ್ತಿದ್ದೆ.

"ಬಂತೂ!"
ಓಣಿಯ ಹುಡುಗರೆಲ್ಲ ಒಂದೇ ಗಂಟಲಲ್ಲಿ.
ಆರಿಸಲು ಮರೆತಿದ್ದ ಸ್ವಿಚ್ಚು.
ಬೆರಳಿಗೆ ಮಾತ್ರ ಗೊತ್ತಿದ್ದದ್ದನ್ನು
ಆಗ ಮೊದಲ ಸಲ ಕಂಡೆ,
ಪಾರಿವಾಳದ ಕೊರಳಿನ ಬೂದು ಬಣ್ಣ.
ಎದೆಗವಚಿ ಗೋಡೆಗೆ ತಿರುಗಿದೆ.
ಅಷ್ಟರಲ್ಲಿ ಆದದ್ದು ಆಗಿತ್ತು.

ಬರ್ಫು ಕರಗುತ್ತಿತ್ತಲ್ಲ, ಹಾಳಾಗಬಾರದು.
ಇಪ್ಪತ್ತಕ್ಕಿಳಿಸಿ ಒಂಬತ್ತು ನಿಮಿಷ ಡಬ್ಬಿ ತಿರುವಿದೆ.
ಹೈಪೋ. ನೀರು. ಕೊನೆಗೆ ಎರಡು ಹನಿ ಅಂಟುವಾಳದ ರಸ.
ಇಪ್ಪತ್ತೊಂದು ಚೌಕ ಬರೀ ಕಾಡಿಗೆ.
ಒಳಸುತ್ತಿನ ಹದಿನಾಲ್ಕು ಹೇಗೋ ಬದುಕಿದ್ದವು.
ಗಡಿಯಲ್ಲಿ ಒಂದು,
ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಅದನ್ನೇ ಕಾಗದದ ಮೇಲೆ ಗಾಜಿನಡಿ ಒತ್ತಿ
ಮೂರು ಎಣಿಸುವಷ್ಟು ಟಾರ್ಚ್ ಹೊಡೆದೆ.
ಕೆಂಪು ದೀಪದಲ್ಲಿ ಟ್ರೇ ಅಲುಗಿಸುತ್ತ ಕೂತೆ.
ಮೊದಲು ಬಂದದ್ದು ಹುಬ್ಬು.
ಎಲುಬಲ್ಲ, ಹುಬ್ಬು.
ಆಮೇಲೆ ಜಡೆ, ಹಲ್ಲಲ್ಲಿ ಕಚ್ಚಿದ ದಾರ,
ಕಂಡಕ್ಟರ್ ಅಂಗಿಗೆ ಗುಂಡಿ ಹೊಲಿಯುವ ಅಮರಮ್ಮ.
ಎಡಗಡೆ ಏನೂ ಬರಲಿಲ್ಲ.
ಎಷ್ಟು ಅಲುಗಿಸಿದರೂ ಬಿಳುಪು.

ರಾತ್ರಿ ಪಾಳಿ ಮುಗಿಸಿ ಬಂದವಳು
ಬಲ್ಬಿನಡಿ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು.
"ಅರ್ಧ ನಾ ಬಂದೀನಿ,
ಅರ್ಧ ಕರೆಂಟ್ ಬಂದಾದ."
ಒದ್ದೆ ಆರುವ ಮೊದಲೇ
ಚಿಲ್ಲರೆ ಚೀಲದಲ್ಲಿ ಇಳಿಬಿಟ್ಟಳು.

ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸುತ್ತೇನೆ, ಮುಂದಿನ ಸಲ, ಅಂದೆ.
ಇನ್ನೂ ಅಂಟಿಸಿಲ್ಲ.