ಬಟ್ಟೆ ಹಗ್ಗದ ಮೇಲೆ ನೀಲಿ ತಂತಿ

ಲಿಫ್ಟಿಗೆ ಹಾಕುವ ಹತ್ತು ಟೆಟ್ರಿ ಉಳಿಸಲೆಂದು
ಏಳು ಮಹಡಿ ಹೊತ್ತೇ ಹತ್ತಿಸಿದೆ:
ಮುಚ್ಚಿಹೋದ ಹಲ್ಲಿನ ಆಸ್ಪತ್ರೆಯ ಕಂಪ್ಯೂಟರು,
ನಲವತ್ತು ಲರಿ.
ಮುಚ್ಚಳ ಬಿಚ್ಚಿದರೆ ಇನ್ನೂ ಲವಂಗದೆಣ್ಣೆಯ ವಾಸನೆ.
ಫ್ಯಾನಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದಲೇ ತೆಗೆದೆ,
ಅದಕ್ಕೂ ಅಭ್ಯಾಸವಿರಬೇಕಲ್ಲ.

ಡಿಸ್ಕು ಭಾನುವಾರದ ಸಂತೆಯದು.
ಮಾರಿದವ ತಾಯಾಣೆ ಇಟ್ಟಿದ್ದ, ಹೊಸದರ ಹಾಗೇ ಅಂತ.
ಮನೆಗೆ ತಂದು ವಿಚಾರಿಸಿದರೆ ಅದೇ ಬಾಯಿಬಿಟ್ಟಿತು:
ಮೂವತ್ತೊಂದು ಸಾವಿರ ಗಂಟೆ ತಿರುಗಿದ್ದೇನೆ.
ಇರಲಿ. ರುಸ್ತಾವಿಯ ಉಕ್ಕಿನ ಕಾರ್ಖಾನೆಯಲ್ಲಿ
ನಾನೂ ಅಷ್ಟೇ ತಿರುಗಿ ಹೊರಬಿದ್ದವನು.
ಇಬ್ಬರಿಗೂ ಸ್ವಲ್ಪ ಸದ್ದು ಜಾಸ್ತಿ.

ಬೂಟಿನ ಕಪಾಟಿನಲ್ಲಿ ಜಾಗ ಮಾಡಿದೆ.
ಎತೇರಿ ಲೆಕ್ಕ ಕೇಳಿದಳು. ಬರೆದು ತೋರಿಸಿದೆ:
ಕರೆಂಟು ತಿಂಗಳಿಗೆ ಇಷ್ಟು, ಕೇಬಲ್ಲು ಮೀಟರಿಗೆ ಇಷ್ಟು,
ಚಂದಾ ನಿಲ್ಲಿಸಿ ಉಳಿಸಿದ್ದು ಇಷ್ಟು.
ಕೊನೆಯ ಸಾಲಿನಲ್ಲಿ ತಪ್ಪು ಹಿಡಿದಳು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ನಮ್ಮದು ಮಡಚುವ ಹಾಸಿಗೆ.

ಮೂರು ರಾತ್ರಿ ಕಪ್ಪು ಪರದೆ, ಬಿಳಿ ಅಕ್ಷರ.
ನಾಲ್ಕನೆಯ ರಾತ್ರಿ ಅಡುಗೆಮನೆಯ ಟೀವಿಯಲ್ಲಿ
ಚಕ್ರವೊಂದು ಸುತ್ತಿತು, ಸುತ್ತಿತು, ಸುತ್ತಿ
ಚಿತ್ರವಾಯಿತು.
ಒಲೆಯ ಮೇಲೆ ಬೀನ್ಸ್ ಕಾಳು ತಳ ಹಿಡಿಯಿತು.

ಎದುರು ಕಟ್ಟಡದ ಬಾಲ್ಕನಿಯಿಂದ ಲಮಾರಾ ಕೂಗಿದಳು:
"ನಿನ್ನ ಪೆಟ್ಟಿಗೆ ಕ್ಯಾಸೆಟ್ಟು ತಿನ್ನುತ್ತದಾ?"
ಗೋಚಾ ಬಿಟ್ಟುಹೋದವು, ಹದಿನಾಲ್ಕು.
ಮದುವೆಗಳಿಗೆ ವೀಡಿಯೊ ಹಿಡಿಯುತ್ತಿದ್ದ ಮನುಷ್ಯ;
ಬಾಕಿ ಕೊಡದೆ, ಒಯ್ಯದೆ ಉಳಿದ
ಯಾರ್ಯಾರದೋ ಮದುವೆಗಳು.
ಒಂದೊಂದೂ ತನ್ನ ಉದ್ದದಷ್ಟೇ ಹೊತ್ತು ತಿಂದಿತು.
ಕ್ಯಾಸೆಟ್ಟನ್ನು ಅವಸರ ಮಾಡಲಾಗದು,
ಪೂರ್ತಿ ಕುಣಿದು ಮುಗಿಸಿಯೇ ನಕಲಾಗುತ್ತದೆ.

ವೈಫೈ ಅಂಗಳ ದಾಟಲಿಲ್ಲ.
ಅಂಗಳದ ಮೇಲೆ ಬಟ್ಟೆ ಹಗ್ಗ ದಾಟುತ್ತದೆ,
ಅವಳ ರಾಟೆಯಿಂದ ನಮ್ಮ ರಾಟೆಗೆ.
ಅವಳ ಹೊದಿಕೆಯ ಅಂಚಿಗೆ ಕೇಬಲ್ಲಿನ ತುದಿ ಕಟ್ಟಿ
"ಎಳಿ" ಅಂದೆ.
ಕಿರುಗುಟ್ಟುತ್ತ ಹೊರಟವು ಎರಡು ದಿಂಬಿನ ಕವರು,
ಇನ್ನೂ ಒಗೆಯುತ್ತಲೇ ಇರುವ ಗೋಚಾನ ಅಂಗಿ,
ಹೊದಿಕೆ, ಅದರ ಹಿಂದೆ ನೀಲಿ ತಂತಿ.
ಕೆಳಗೆ ನಾರ್ದಿ ಆಡುತ್ತಿದ್ದ ಮುದುಕರು
ದಾಳ ಹಿಡಿದ ಕೈ ಹಾಗೇ ನಿಲ್ಲಿಸಿ ಮೇಲೆ ನೋಡಿದರು.

ಈಗ ರಾತ್ರಿ ಹತ್ತಾದರೆ ಬೂಟುಗಳ ನಡುವೆ
ಡಿಸ್ಕು ಕರಕರ ಅನ್ನುತ್ತದೆ.
ಯಾರು, ಏನು ನೋಡುತ್ತಿದ್ದಾರೆಂದು ನನಗೆ ಕಾಣುತ್ತದೆ:
ಲಮಾರಾ, ಕ್ಯಾಸೆಟ್ಟು ಒಂಬತ್ತು,
ಇಪ್ಪತ್ತೆರಡನೆಯ ನಿಮಿಷ. ಮತ್ತೆ ಅದೇ ನಿಮಿಷ.

ಕದ್ದು ನೋಡಬಾರದು. ನೋಡಿದೆ.
ಯಾವಳೋ ಮದುಮಗಳು ಕನ್ನಡಿಯ ಮುಂದೆ ಹಾದುಹೋಗುತ್ತಾಳೆ.
ಕನ್ನಡಿಯಲ್ಲಿ ಕ್ಯಾಮೆರಾ ಹೊತ್ತ ಒಂದು ಹೆಗಲು,
ಹೆಗಲ ಮೇಲೆ ಅದೇ ಅಂಗಿ.
ಮುಖ ಇಲ್ಲ.

ಗಾಳಿ ಜೋರಾದರೆ ಚಿತ್ರ ತಡೆಯುತ್ತದೆ.
ಡಿಸ್ಕಿಗೆ ಇನ್ನೆಷ್ಟು ಗಂಟೆಯೋ ಗೊತ್ತಿಲ್ಲ;
ಇನ್ನೊಂದು ಕೊಳ್ಳಬೇಕು, ಇದರ ನಕಲಿಗೆ.
ಎತೇರಿಯೂ ಈಗ ಲಿಫ್ಟು ಬಿಟ್ಟಿದ್ದಾಳೆ.
ಕೇಳಿದರೆ, ಮೊಣಕಾಲಿಗೆ ಒಳ್ಳೆಯದು ಅನ್ನುತ್ತಾಳೆ,
ಐದನೆಯ ಮಹಡಿಯಲ್ಲಿ ನಿಂತು, ಏದುಸಿರು ಬಿಡುತ್ತ.