ಗುಡಿಯ ಮೀಟರು

ತಿಂಗಳ ಏಳನೇ ತಾರೀಖು ನನಗೆ ಕೂಡಲಿ.
ಬಸ್ಸಿಳಿದು, ಹೆಗಲಿಗೆ ಬಿಲ್ಲಿನ ಮಷೀನು,
ಮಠದ ಬೀದಿ, ಶಾಲೆ, ಹಾಲಿನ ಡೈರಿ ಮುಗಿಸಿ
ಕೊನೆಗೆ ಹೊಳೆದಂಡೆಯ ಈಶ್ವರನ ಗುಡಿ.
ಚಪ್ಪಲಿ ಬಿಟ್ಟು ಓದಬೇಕಾದ ಮೀಟರು
ನನ್ನ ಪಟ್ಟಿಯಲ್ಲಿ ಇದೊಂದೇ.

ಕಡೆದ ಕಂಬದ ಪಕ್ಕ, ಹಲಗೆಗೆ ಹೊಡೆದ ಪೆಟ್ಟಿಗೆ.
ಗಾಜಿಗೂ ಯಾರೋ ಕುಂಕುಮ ಹಚ್ಚಿದ್ದಾರೆ.
ವೇಲಿನ ತುದಿಯಿಂದ ಒರೆಸಿ ಓದುತ್ತೇನೆ:
ನಾಲ್ಕು, ನಾಲ್ಕು, ಒಂದು, ಏಳು.

ಎದುರಿಗೇ ಆಳೆತ್ತರದ ಶಾಸನ.
ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು;
ಕೆಳಗೆ ಎಣ್ಣೆಯುಂಡು ಕಪ್ಪಾದ ಅಕ್ಷರ.
ನಮ್ಮದೇ ಕನ್ನಡ, ನನಗೇ ಓದಲು ಬಾರದು.
ಜೋಯಿಸರು ಒಮ್ಮೆ ಬೆರಳಾಡಿಸಿ ಹೇಳಿದ್ದರು:
ಊರಿನ ಗಾಣಕ್ಕೊಂದು ಸೊಲ್ಲಿಗೆ ಎಣ್ಣೆ
ನಂದಾದೀವಿಗೆಗೆ, ದಿನಾಲೂ,
ಸೂರ್ಯಚಂದ್ರರು ಇರುವತನಕ.
ತಪ್ಪಿದವರಿಗೆ
ಗಂಗೆಯ ತಡಿಯಲ್ಲಿ ಕವಿಲೆಯ ಕೊಂದ ಪಾಪ.
ನಮ್ಮ ಬಿಲ್ಲಿನ ಬೆನ್ನಿಗೂ ಸಣ್ಣಕ್ಷರದಲ್ಲಿ
ಇಂಥದೇ ಏನೋ ಇದೆ.

ಐದು ತಿಂಗಳ ಬಾಕಿ.
"ತಸ್ತೀಕು ಬಂದಿಲ್ಲ ದಾಕ್ಷಾಯಿಣಿ,"
ಬಿಲ್ವಪತ್ರೆಯಲ್ಲಿ ಹುಳ ಹುಡುಕುತ್ತ ಶಂಭುಲಿಂಗ ಜೋಯಿಸರು.
"ಫ್ಯೂಸು ಕಿತ್ತುಕೊಂಡು ಹೋಗು, ನಿನ್ನ ಕೆಲಸ ನೀನು ಮಾಡು.
ಒಳಗಿನ ದೀಪ ಎಣ್ಣೆಯದು.
ಅವನಿಗೇನೂ ಕತ್ತಲಾಗುವುದಿಲ್ಲ."

ಹಾಗಾದರೆ ಯೂನಿಟ್ಟು ತಿನ್ನುವುದು ಯಾರು?
ವೈರಿನ ಜಾಡು ಹಿಡಿದು ಹೊರಟೆ.
ಮುಖಮಂಟಪ ದಾಟಿ, ಗೋಡೆಯ ಮೇಲಿನ ಪ್ರವಾಹದ ಗೆರೆ ದಾಟಿ,
ಅಶ್ವತ್ಥದ ಕೊಂಬೆಗೆ ಎರಡು ಸುತ್ತು ಸುತ್ತಿ
ಮೆಟ್ಟಿಲ ಕೊನೆಗೆ, ನೀರಿನ ಮೇಲೆ ತೂಗುವ
ಒಂದೇ ಒಂದು ಬಲ್ಬು.
ಹಗಲಲ್ಲೂ ಉರಿಯುತ್ತಿತ್ತು;
ಸ್ವಿಚ್ಚು ಕೆಟ್ಟು ಎರಡು ಮಳೆಗಾಲವಂತೆ.

ಕೆಳಗೆ ಬೆಸ್ತರ ಹಾಲೇಶ
ತೆಪ್ಪಕ್ಕೆ ಟಾರು ಬಳಿಯುತ್ತಿದ್ದ.
"ಅಕ್ಕಾ, ಈ ಕಡೆ ತುಂಗೆ, ಆ ಕಡೆ ಭದ್ರೆ.
ರಾತ್ರಿ ಬಲೆ ಎಳೆದು ಬರುವಾಗ ಎರಡರದೂ ಒಂದೇ ಕಪ್ಪು.
ಇದು ಕಂಡರೆ ದಡ."
ಅಷ್ಟೇ ಹೇಳಿ ಮತ್ತೆ ಬಳಿಯತೊಡಗಿದ.

ನೀರಿಗೆ ಕಾಲು ಇಳಿಬಿಟ್ಟು ಕೂತು ಮಷೀನು ತೆಗೆದೆ.
ಮರಿಮೀನು ಹಿಮ್ಮಡಿಯ ಬಿರುಕು ಕಚ್ಚುತ್ತಿದ್ದವು.
ಖಾತೆ ನಂಬರು ಒತ್ತಿದೆ.
ರೀಡಿಂಗ್ ಕೇಳಿತು.
ಒಮ್ಮೆ ಹಿಂತಿರುಗಿ ನೋಡಿದೆ:
ಅಗುಳಿಯಿಲ್ಲ, ಚಿಲಕವಿಲ್ಲ,
ಮುಚ್ಚುವುದಕ್ಕೆ ಕದವೇ ಇಲ್ಲದ ಮಂಟಪ;
ನಾಯಿಯೊಂದು ನಂದಿಯ ನೆರಳಲ್ಲಿ ಮಲಗಿತ್ತು.

ಆಮೇಲೆ ಒತ್ತಿದೆ:
ಡೋರ್ ಲಾಕ್.