ಸರ್ಟಿಫಿಕೇಟ್ ಕೋರ್ಸು, ಸಂಜೆ ನಾಲ್ಕರಿಂದ

ತೋಳಹುಣಸೆಯಲ್ಲಿ ಬಸ್ಸಿಳಿದು ಹತ್ತು ನಿಮಿಷ ನಡೆದರೆ
ಕಾಮರ್ಸಿನವರು ಬಿಟ್ಟುಕೊಟ್ಟ ಕೋಣೆ.
ಹಲಗೆಯ ಮೇಲೆ ಇನ್ನೂ ಅಳಿಸದ ಜಮಾ-ಖರ್ಚು,
ಅದರ ಪಕ್ಕದಲ್ಲೇ ಸಲ್ದಾನ ಸರ್ ಬರೆಯುತ್ತಾರೆ:
ಪೆನಾ ಅಂದರೆ ನೋವು, ಪೆನ್ನಾ ಅಂದರೆ ಪೆನ್ನು.
ಸೆತೆ ಬಾಯಾರಿಕೆ, ಸೆತ್ತೆ ಏಳು.
"ಇಂಗ್ಲಿಷಿನವರು ಇಲ್ಲೇ ಮುಗ್ಗರಿಸುವುದು" ಅಂದರು.
ನಾವು ಐದೂ ಜನ ಒಂದೇ ಸಲಕ್ಕೆ ಹೇಳಿದೆವು.
ಒತ್ತಕ್ಷರ ಯಾರಿಗೆ ಕಲಿಸುತ್ತೀರಿ ಸರ್,
ಅಕ್ಕ ಅಪ್ಪ ಅಜ್ಜಿ ಅನ್ನುತ್ತಲೇ ಹಲ್ಲು ಬಂದವರಿಗೆ?
ಬಸ್ಸು ಕಾರು ಎಂದು ಬಾಲ ಹಚ್ಚುವ ನಮ್ಮ ಹಾಗೆ
ಅವರಿಗೂ ಪದ ಬಾಯಿ ತೆರೆದೇ ಮುಗಿಯಬೇಕಂತೆ.

ರೋಮಿನಲ್ಲಿ ಒಂಬತ್ತು ವರ್ಷ ಪಾದ್ರಿಯಾಗಲು ಓದಿ
ಆಗದೆ ಬಂದವರು ಅವರು. ಯಾಕೆಂದು ನಾವು ಕೇಳಿಲ್ಲ.
ಭೂತಕಾಲದ ಪಾಠದ ದಿನ ಮಾತ್ರ
ಕಿಟಕಿ ಕಡೆ ತಿರುಗಿ ಉದಾಹರಣೆ ಕೊಟ್ಟರು:
ಹೋಗುತ್ತಿದ್ದೆ, ಹಾಡುತ್ತಿದ್ದೆ, ನಂಬುತ್ತಿದ್ದೆ.

ಗುರುಬಸಯ್ಯ ಬರುವುದು ಪಿ.ಬಿ. ರಸ್ತೆಯ ಮಾರ್ಬಲ್ ಅಂಗಡಿಯಿಂದ,
ಪ್ಯಾಂಟಿನ ತುಂಬ ಬಿಳಿ ಧೂಳು.
ಇಟಾಲಿಯನ್ ಅಂತ ಮಾರುವುದು ರಾಜಸ್ಥಾನದ್ದಾದರೂ
ಹೆಸರನ್ನಾದರೂ ನೆಟ್ಟಗೆ ಹೇಳಬೇಕಲ್ಲ, ಎನ್ನುತ್ತಾನೆ.
ನಾನು ಬಂದದ್ದು, ಮುಂದೇನು ಮಾಡುತ್ತೀ ಎಂದು
ಅರ್ಜಿಯಲ್ಲಿ ಕೇಳದ ಕೋರ್ಸು ಇದೊಂದೇ ಎಂದು.
ಖುತೇಜಾ ಎಂಬ ಹೆಸರಿನ ಮೊದಲ ಉಸಿರು ಆ ಭಾಷೆಯಲ್ಲಿಲ್ಲ;
ವಾರಕ್ಕೆ ಮೂರು ಸಂಜೆ ಕುತೇಜಾ ಆಗಿರುತ್ತೇನೆ.

ಪುಸ್ತಕದ ಮಾರ್ಕೋ ಪ್ರತಿ ಭಾನುವಾರ ಕಡಲಿಗೆ ಹೋಗುತ್ತಾನೆ.
ನಾನು ಪ್ರತಿ ಭಾನುವಾರ ಮಂಡಕ್ಕಿ ಭಟ್ಟಿಗೆ ಹೋಗುತ್ತೇನೆ.
ಕ್ರಿಯಾಪದ ಒಂದೇ.

ಅಲ್ಲಿ ನಪುಂಸಕವೇ ಇಲ್ಲ. ಮೇಜು ಗಂಡು, ಕುರ್ಚಿ ಹೆಣ್ಣು,
ಚಂದ್ರ ಕೂಡ ಹೆಣ್ಣು.
ಉಳಿದವರು ತಲೆ ಕೆರೆದುಕೊಂಡರು, ನಾನಲ್ಲ;
ಮನೆಮಾತಿನಲ್ಲಿ ನಮಗೂ ಕುರ್ಚಿ ಹೆಣ್ಣೇ.
ಆದರೆ ಮಾನೊ, ಕೈ,
ಗಂಡಿನ ಹಾಗೆ ಮುಗಿದರೂ ಹೆಣ್ಣು.
"ಅಪವಾದ. ಬಾಯಿಪಾಠ ಮಾಡಿ" ಅಂದರು.
ಅಮ್ಮಿಯ ಮಾತಲ್ಲಿ ಹಾಥ್ ಗಂಡು.
ಶಾಲೆಯ ಕನ್ನಡದಲ್ಲಿ ಕೈ ಬರೀ 'ಅದು'.
ಮೂವತ್ತು ವರ್ಷ ಕಾದ ಮರಳಲ್ಲಿ ಅಕ್ಕಿ ಹುರಿದ,
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ
ಆ ಕೈಯನ್ನು ಅವತ್ತು ರಾತ್ರಿ
ಮೂರೂ ಲಿಂಗದಲ್ಲಿ ತಿರುವಿ ತಿರುವಿ ನೋಡಿದೆ.
ಯಾವುದರಲ್ಲೂ ಹೆಬ್ಬೆಟ್ಟಿಗೆ ಗೆರೆ ಇರಲಿಲ್ಲ.

"ಮಂಡಕ್ಕಿಗೆ ಅವರೇನಂತಾರೆ?" ಅಮ್ಮಿ ಕೇಳಿದಳು.
ನಿಘಂಟಿನಲ್ಲಿ ಮಂಡಕ್ಕಿ ಇಲ್ಲ. ಅಕ್ಕಿ ಇದೆ: ರೀಸೊ.
ಅದರ ಕೆಳಗೆ ಅದೇ ಅಕ್ಷರ, ಬೇರೆ ಅರ್ಥ: ನಗು.
ಮುದ್ರಣದೋಷವೇನೋ ಎಂದು ಎರಡು ಸಲ ಓದಿ
ಹೇಳಿದೆ.
"ಸರಿಯಾಗೇ ಐತಲ್ಲ," ಜರಡಿಯಿಂದ ಕಣ್ಣೆತ್ತದೆ ಅಂದಳು,
"ಮರಳಿಗೆ ಬಿದ್ದ ಮೇಲೆ ಅದು ಮಾಡೋದು ಅದನ್ನೇ.
ನಗದೇ ಇದ್ದದ್ದು ಕೆಳಗೆ ಬೀಳ್ತೈತಿ."

ಮಾರ್ಚಿನಲ್ಲಿ ಮೌಖಿಕ ಪರೀಕ್ಷೆ: ನಿಮ್ಮ ಊರನ್ನು ವರ್ಣಿಸಿ.
ಕಡಲು, ಕಾರಂಜಿ, ದೋಣಿ, ಗಂಟೆಗೋಪುರ
ಕಲಿತ ಪದಗಳೆಲ್ಲ ಸಾಲಾಗಿ ಬಂದು ನಿಂತವು;
ನಮ್ಮ ಓಣಿಯೊಳಕ್ಕೆ ಒಂದೂ ಹಿಡಿಸಲಿಲ್ಲ.
ನಮ್ಮೂರಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೊಗೆ ಏಳುತ್ತದೆ, ಅಂದೆ,
ಹೆಂಗಸರು ರೀಸೊ ಹುರಿಯುತ್ತಾರೆ.
ಯಾವ ರೀಸೊ ಎಂದು ಹೇಳಲಿಲ್ಲ.
ಸರ್ ತಿದ್ದಲು ಪೆನ್ನೆತ್ತಿದವರು
ಸ್ವಲ್ಪ ಹೊತ್ತು ಅದನ್ನು ಹಾಗೇ ಹಿಡಿದಿದ್ದರು.
ಆಮೇಲೆ, "ಅವಾಂತಿ" ಅಂದರು. ಮುಂದೆ.
ನನಗೆ ಹೇಳಿದರೋ, ಬಾಗಿಲಲ್ಲಿ ಧೂಳು ಕೊಡವುತ್ತ ನಿಂತಿದ್ದ
ಗುರುಬಸಯ್ಯನಿಗೋ, ಗೊತ್ತಾಗಲಿಲ್ಲ.